ಗಂಡಸಿನ ಚೆಂದವನ್ನು ಫೋಟೋದಲ್ಲಿ ಹಿಡಿಯುವುದು ಹೇಗೆ? ಬಳ್ಳಾರಿ, ಕೊಪ್ಪಳ, ರಾಯಚೂರಿನ ಕ್ವಿಯರ್ ಗೆಳೆಯರಿಗೆ

ನಮ್ಮ ಊರುಗಳಲ್ಲಿ ಗಂಡಸರ ಫೋಟೋಗಳಿಗೆ ಕೊರತೆ ಇಲ್ಲ. ಬಳ್ಳಾರಿಯ ಯಾವ ಸರ್ಕಲ್‌ನಲ್ಲಿ ನಿಂತರೂ ಹುಟ್ಟುಹಬ್ಬದ ಫ್ಲೆಕ್ಸ್ ಕಾಣುತ್ತದೆ. ಕೂಲಿಂಗ್ ಗ್ಲಾಸು, ಬಿಳಿ ಅಂಗಿ, ಮೀಸೆ ಮೇಲೆ ಬೆರಳು, ಉಬ್ಬಿಸಿದ ಎದೆ. ಮುಖದ ಬಣ್ಣ ಎಲ್ಲರದ್ದೂ ಒಂದೇ, ಸ್ಟುಡಿಯೋದಲ್ಲಿ ಬೆಳ್ಳಗೆ ಮಾಡಿದ್ದು. ಗಂಡಸು ಹೇಗಿರಬೇಕು ಅಂತ ಆ ಫೋಟೋಗಳು ಜೋರಾಗಿ ಹೇಳುತ್ತವೆ. ಆ ಮನುಷ್ಯ ಚೆಂದ ಇದ್ದಾನೆ, ಅವನನ್ನು ಇನ್ನೊಂದು ಸ್ವಲ್ಪ ಹೊತ್ತು ನೋಡಬೇಕು ಅನ್ನುವ ಮಾತು ಅಲ್ಲಿ ಬರುವುದೇ ಇಲ್ಲ.

ಗಂಡಸನ್ನು ಆಸೆಯಿಂದ, ಅಕ್ಕರೆಯಿಂದ ನೋಡುವ ಗಂಡಸರು ಈ ಊರುಗಳಲ್ಲೂ ಇದ್ದೇವೆ. ಆ ನೋಟವನ್ನು ಫೋಟೋದಲ್ಲಿ ಹಿಡಿಯಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಹೊಟ್ಟೆಪಾಡು ಮದುವೆ ಫೋಟೋ. ಈ ಕೆಲಸ ನನ್ನ ಮನಸ್ಸಿಗಾಗಿ. ದೊಡ್ಡ ಕ್ಯಾಮೆರಾ ಬೇಕಿಲ್ಲ, ಕೈಯಲ್ಲಿರುವ ಫೋನ್ ಸಾಕು. ಆದರೆ ಒಂದು ವಿಷಯ ಮೊದಲೇ ಗಟ್ಟಿ ಮಾಡಿಕೊಳ್ಳಿ. ತನ್ನದು ಎಷ್ಟು ಕಾಣಬೇಕು, ಯಾರಿಗೆ ಕಾಣಬೇಕು ಎಂದು ತೀರ್ಮಾನ ಮಾಡುವವನು ಫೋಟೋದಲ್ಲಿರುವವನು. ಬೆಳಕು, ಜಾಗ, ನಿಲುವು ಎಲ್ಲ ಅದರ ನಂತರ. ಅವನಿಗೆ ಭಯ ಇಲ್ಲದಿದ್ದರೆ ಮೈ ತಾನಾಗಿ ಸಡಿಲವಾಗುತ್ತದೆ. ಮೈ ಸಡಿಲವಾದಾಗಲೇ ಚೆಂದ ಕಾಣುವುದು.

ಕ್ಯಾಮೆರಾ ಎತ್ತುವ ಮೊದಲು

ಒಂದು ವಾರ ಸುಮ್ನೆ ನೋಡಿ. ಸಲೂನಿನಲ್ಲಿ, ಚಹಾದ ಅಂಗಡಿಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ಗುರಾಯಿಸಬೇಡಿ. ನಿಮ್ಮ ಕಣ್ಣು ಎಲ್ಲಿ ನಿಲ್ಲುತ್ತದೆ ಎಂದು ಗಮನಿಸಿ. ಕ್ಷೌರ ಆದ ಮೇಲೆ ಕತ್ತಿನ ಹಿಂದೆ ಉಳಿದ ಪೌಡರ್, ಲುಂಗಿ ಎತ್ತಿ ಕಟ್ಟುವ ಕೈ, ಗೆಳೆಯನ ಮಾತು ಕೇಳುವಾಗ ಬಗ್ಗುವ ತಲೆ. ಅದನ್ನೆಲ್ಲ ಬರೆದಿಡಿ. ಪಟ್ಟಿಯಲ್ಲಿ ಬರೀ ಎದೆ, ತೋಳು ಅಂತ ಇದ್ದರೆ ಇನ್ನೊಂದು ವಾರ ನೋಡಿ. ಅದು ಸಿನಿಮಾ ಪೋಸ್ಟರ್ ಕಲಿಸಿದ ನೋಟ. ನಿಮ್ಮದು ಬೇರೆಯೇ ಇರುತ್ತದೆ.

ಬಳ್ಳಾರಿಯವರು ಹತ್ತಿರದ ಸಂಗನಕಲ್ಲಿನ ಗುಡ್ಡಕ್ಕೂ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದಿನವರು ಕುಟ್ಟಿ ಬಿಡಿಸಿದ ಚಿತ್ರಗಳಿವೆ. ಗೂಳಿಗಳೇ ಜಾಸ್ತಿ, ನಡುನಡುವೆ ಗಂಡಸರು, ಕೆಲವರಂತೂ ನಿಮಿರಿದ ಲಿಂಗದ ಸಮೇತ. ಗಂಡು ಮೈಯನ್ನು ಚಿತ್ರವಾಗಿ ಮಾಡುವುದು ಹೊರಗಿನಿಂದ ಬಂದ ಚಟ ಎಂದು ಯಾರಾದರೂ ಹೇಳಿದರೆ ಆ ಬಂಡೆ ನೆನಪಿರಲಿ.

ಹಿಂದೆ ಈ ಕೆಲಸ ಮಾಡಿದವರ ಫೋಟೋಗಳನ್ನೂ ಹುಡುಕಿ ನೋಡಿ. ಅಮೆರಿಕದ ರಾಬರ್ಟ್ ಮ್ಯಾಪಲ್‌ಥಾರ್ಪ್ ಹೆಸರು ಎಲ್ಲಕ್ಕಿಂತ ಮೊದಲು ಸಿಗುತ್ತದೆ. ಅವರ ಬೆಳಕು ಅದ್ಭುತ. ಆದರೆ ಕಪ್ಪು ಗಂಡಸರನ್ನು ಅವರು ಬರೀ ಮೈಯಾಗಿ ನೋಡಿದರು ಎಂಬ ಟೀಕೆ ಬಂತು. 1980ರ ಅವರ ಒಂದು ಪ್ರಸಿದ್ಧ ಫೋಟೋದಲ್ಲಿ ಸೂಟು ಹಾಕಿದ ಕಪ್ಪು ಮನುಷ್ಯನ ತಲೆಯೇ ಇಲ್ಲ, ಚೌಕಟ್ಟಿನ ಆಚೆ ಹೋಗಿದೆ. ಆ ಟೀಕೆ ನಮಗೆ ನೇರವಾಗಿ ತಾಗುತ್ತದೆ. ರಾಯಚೂರಿನ ಗಂಜ್ ಮಾರುಕಟ್ಟೆಗೆ ಹೋಗಿ ಬೆವರುವ ಹಮಾಲರ ಬೆನ್ನು ತೆಗೆಯುವುದು ಬಹಳ ಸುಲಭ. ಚೀಲ ಹೊತ್ತವನು ಬೇಡ ಅನ್ನಲಾರ, ನಿಂತು ಕೇಳಲಾರ. ದುಡಿಯುವ ಮೈ, ಅದರಲ್ಲೂ ಕೆಳಜಾತಿಯವರ ಮೈ, ಯಾರು ಬೇಕಾದರೂ ನೋಡಬಹುದಾದ ಮೈ ಅಲ್ಲ. ಅಂಥ ಫೋಟೋ ಬೇಕೇ ಬೇಕು ಅನ್ನಿಸಿದರೆ ಕೆಲಸ ಮುಗಿದ ಮೇಲೆ ಕೂತು ಮಾತಾಡಿ, ಹೆಸರು ಹಿಡಿದು ಕರೆಯಿರಿ, ಅವನ ಒಂದು ದಿನದ ಕೂಲಿ ಕೊಡಿ.

ನನಗೆ ಹೆಚ್ಚು ಹತ್ತಿರವಾದವರು ನೈಜೀರಿಯಾದ ಲಾಗೋಸ್‌ನಲ್ಲಿ ಹುಟ್ಟಿ ಲಂಡನ್ನಿನಲ್ಲಿ ಕೆಲಸ ಮಾಡಿದ ರೊಟಿಮಿ ಫಾನಿ-ಕಯೋಡೆ. 1989ರಲ್ಲಿ ತೀರಿಹೋದಾಗ ಅವರಿಗೆ ಇನ್ನೂ ಚಿಕ್ಕ ವಯಸ್ಸು. ತಮ್ಮ ಯೊರುಬಾ ಜನರ ಪೂಜೆ, ಆಚರಣೆಗಳನ್ನೇ ಗಂಡು ಮೈಯ ಫೋಟೋಗಳ ಒಳಗೆ ತಂದರು. ನಮಗೂ ಅಂಥದ್ದೇ ದಾರಿ ಇದೆ, ಮುಂದೆ ಹೇಳುತ್ತೇನೆ.

ಕೇಳುವುದು

ಮೊದಲು ನಿಮ್ಮದೇ ಫೋಟೋ ತೆಗೆದುಕೊಳ್ಳಿ. ಬಾಗಿಲು ಹಾಕಿ, ಟೈಮರ್ ಇಟ್ಟು, ಅಂಗಿ ಬಿಚ್ಚಿ ಕ್ಯಾಮೆರಾ ಮುಂದೆ ನಿಂತು ನೋಡಿ. ಕೈ ಎಲ್ಲಿಡಬೇಕು ಎಂದು ಗೊತ್ತಾಗದ ಆ ಮುಜುಗರ ನಿಮಗೂ ಆಗಲಿ. ಆಮೇಲೆ ಇನ್ನೊಬ್ಬನನ್ನು ಕರೆಯಿರಿ.

ಗೆಳೆಯರಿಂದ ಶುರು ಮಾಡಿ. ಡೇಟಿಂಗ್ ಆ್ಯಪ್‌ನಲ್ಲಿ ಸಿಕ್ಕವರನ್ನು ಕೇಳಬಹುದು, ಆದರೆ ಫೋಟೋ ನೆಪದಲ್ಲಿ ಬೇರೆ ಏನನ್ನೂ ಬಯಸಬೇಡಿ. ಶೂಟ್ ಅಂದರೆ ಶೂಟ್. ಹದಿನೆಂಟು ತುಂಬದವರು ಎಷ್ಟೇ ಕೇಳಿಕೊಂಡರೂ ಬೇಡ. ಅನುಮಾನ ಬಂದರೆ ಆಧಾರ್ ನೋಡಿ, ಕಾಪಿ ಇಟ್ಟುಕೊಳ್ಳಬೇಡಿ.

ಎರಡು ಬಗೆಯ ಜನರ ವಿಷಯದಲ್ಲಿ ಜಾಸ್ತಿ ಎಚ್ಚರ ಬೇಕು. ಗರಡಿ ಮನೆಯ ಪೈಲ್ವಾನರು ನೋಡಲು ಚೆಂದ, ಕೆಂಪು ಮಣ್ಣು ಮೆತ್ತಿದ ಭುಜ ಯಾರಿಗೆ ಇಷ್ಟ ಆಗಲ್ಲ? ಆದರೆ ಅವರು ಅಲ್ಲಿಗೆ ಬರುವುದು ಸಾಮು ಮಾಡಲು, ಹನುಮಪ್ಪನಿಗೆ ಕೈ ಮುಗಿಯಲು. ಉಸ್ತಾದರನ್ನು ಕೇಳಿ, ಪೈಲ್ವಾನನನ್ನೂ ಕೇಳಿ. ಫೋಟೋ ಎಲ್ಲಿ, ಯಾವ ಫೋಟೋಗಳ ಜೊತೆ ಬರುತ್ತದೆ ಎಂದು ನಿಜ ಹೇಳಿ. ಗೊತ್ತಿಲ್ಲದವನನ್ನು ಕ್ವಿಯರ್ ಸರಣಿಯೊಳಗೆ ತಂದು ಕೂರಿಸುವುದು ಮೋಸ.

ಇನ್ನೊಂದು, ಹುಲಿಗಿಯ ಹುಣ್ಣಿಮೆಯಲ್ಲಿ ಕಾಣುವ ಜೋಗತಿಯರು, ದೇವಿಗೆ ಬದುಕು ಮುಡಿಪಿಟ್ಟವರು. ಸೀರೆ ಉಟ್ಟು, ದೇವಿಯ ಬುಟ್ಟಿಯಾದ ಹಡಲಿಗೆ ಹೊತ್ತವರನ್ನು ‘ಗಂಡಸಿನ ಇನ್ನೊಂದು ಮುಖ’ ಎಂದು ತೆಗೆಯಬೇಡಿ. ಅವರಲ್ಲಿ ಬಹಳ ಜನ ತಮ್ಮನ್ನು ಗಂಡಸು ಎಂದು ಒಪ್ಪುವುದಿಲ್ಲ. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಎಷ್ಟು ಹೆಮ್ಮೆ ಪಟ್ಟೆವು. ಆ ಗೌರವ ನಮ್ಮ ಕ್ಯಾಮೆರಾದಲ್ಲೂ ಇರಲಿ. ಅವರ ಕಥೆ ಹೇಳುವುದಿದ್ದರೆ ಅದು ಬೇರೆ ಕೆಲಸ, ಅವರೇ ಹೇಳಿದಂತೆ ಆಗಬೇಕಾದ ಕೆಲಸ.

ಒಪ್ಪಿದವನ ಜೊತೆ ಚಹಾ ಕುಡಿಯುತ್ತಾ ಕೂತು ಮಾತಾಡಿ. ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ಮುಖ ತೋರಿಸಬಹುದಾ? ಮುಖ ಬಿಟ್ಟು ಬೇರೆ ಯಾವುದರಿಂದ ಮನೆಯವರಿಗೆ ಗುರುತು ಸಿಗುತ್ತದೆ? ಈ ಎರಡನೇ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ನಮ್ಮ ಕಡೆ ಮೊಣಕೈ ಕೆಳಗೆ ಹಚ್ಚೆ ಸಾಮಾನ್ಯ. ಅವ್ವನ ಹೆಸರು, ದೇವರ ಹೆಸರು. ಬೆಳ್ಳಿ ಕಡಗ, ಗಾಯದ ಗುರುತು, ಅಣ್ಣ ದುಬೈಯಿಂದ ತಂದ ವಾಚು, ಮನೆ ಗೋಡೆಯ ಬಣ್ಣ, ಹಿಂದೆ ನಿಂತ ಬೈಕಿನ ನಂಬರು. ತಂಗಿಯಾದವಳು ಅಣ್ಣನ ಬೆನ್ನು ನೋಡಿಯೇ ಹೇಳಬಲ್ಲಳು. ಇದನ್ನೆಲ್ಲ ಕೂತು ಲೆಕ್ಕ ಹಾಕಿ.

ಒಪ್ಪಿದ್ದನ್ನು ಸರಳವಾಗಿ ಬರೆದುಕೊಳ್ಳಿ: ಎಲ್ಲಿ ತೋರಿಸುತ್ತೇವೆ, ಮುಖ ಉಂಟೋ ಇಲ್ಲವೋ, ಯಾವಾಗ ಬೇಕಾದರೂ ಬೇಡ ಅನ್ನಬಹುದು. ಚೀಟಿ ಮನೆಯಲ್ಲಿ ಸಿಕ್ಕರೆ ಅದೇ ಅಪಾಯ, ಹಾಗಾಗಿ ‘ಕ್ವಿಯರ್’, ‘ಗೇ’ ಎಂಬ ಮಾತು ಅದರಲ್ಲಿ ಬೇಡ. ಒಪ್ಪಿಗೆ ಮೂರು ಸಲ ಕೇಳಿ. ತೆಗೆಯುವ ಮೊದಲು, ತೆಗೆದದ್ದನ್ನು ತೋರಿಸಿದ ಮೇಲೆ, ಹೊರಗೆ ಹಾಕುವ ಮುಂಚೆ.

ಜಾಗ

ಲಾಡ್ಜ್ ಬೇಡ. ಗುರುತಿನ ಚೀಟಿ ಕೇಳುತ್ತಾರೆ, ಸಿಸಿಟಿವಿ ಇರುತ್ತದೆ, ಬಾಗಿಲು ಬಡಿಯುತ್ತಾರೆ. ಒಬ್ಬನೇ ಇರುವ ಗೆಳೆಯನ ರೂಮು ಒಳ್ಳೆಯದು.

ಎಲ್ಲಕ್ಕಿಂತ ಒಳ್ಳೆಯದು ಹಳೆಯ ಮಣ್ಣಿನ ಮಾಳಿಗೆ ಮನೆ. ಕೊಪ್ಪಳ, ರಾಯಚೂರಿನ ಹಳ್ಳಿಗಳಲ್ಲಿ ಇನ್ನೂ ಉಳಿದಿವೆ. ಮಾಳಿಗೆಯ ಬೆಳಕಿಂಡಿಯಿಂದ ಇಳಿಯುವ ಬೆಳಕಿಗೆ ಯಾವ ಸ್ಟುಡಿಯೋ ಲೈಟೂ ಸಮ ಇಲ್ಲ. ಬಿಸಿಲು ನೇರ ಬೀಳುವ ಜಾಗದಲ್ಲಿ ಅವನನ್ನು ಕೂರಿಸಬೇಡಿ, ಅದರಿಂದ ಒಂದು ಮೊಳ ಈಚೆ ಕೂರಿಸಿ. ನೆಲಕ್ಕೆ ಬಿದ್ದ ಬೆಳಕು ಪುಟಿದು ಮುಖಕ್ಕೆ ಬರುತ್ತದೆ. ಮಣ್ಣಿನ ನೆಲವಾದರೆ ಆ ಬೆಳಕಿಗೆ ಒಂದು ಬೆಚ್ಚನೆಯ ಬಣ್ಣವೂ ಇರುತ್ತದೆ.

ಹೊರಗೆ ಅಂದರೆ ಬಂಡೆ. ಆನೆಗುಂದಿ, ಸಾಣಾಪುರದ ಕಡೆ ವಾರದ ನಡುವೆ ಬೆಳಿಗ್ಗೆ ಹೋಗಿ. ಗುಡಿ, ಮಠ, ಸ್ನಾನದ ಘಟ್ಟದ ಹತ್ತಿರ ಅಂಗಿ ಬಿಚ್ಚುವ ಫೋಟೋ ಬೇಡ. ಜನರ ಭಕ್ತಿ ದೊಡ್ಡದು, ಜಗಳವೂ ಬೇಗ ಹತ್ತಿಕೊಳ್ಳುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು ಅನುಮತಿ ಬೇಕು. ಬಂಡೆಗಳ ನಡುವೆ ಕತ್ತಲಾಗುವ ತನಕ ಇರಬೇಡಿ, ಈ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ. ಬೇಸಿಗೆಯಲ್ಲಿ ಸಂಜೆ ಐದಕ್ಕೂ ಬಂಡೆ ಕಾದ ಹೆಂಚಿನ ಹಾಗೆ ಇರುತ್ತದೆ. ಬರಿ ಬೆನ್ನಲ್ಲಿ ಮಲಗು ಅನ್ನುವ ಮುಂಚೆ ನಿಮ್ಮ ಅಂಗೈ ಇಟ್ಟು ನೋಡಿ.

ನಮ್ಮ ಊರುಗಳ ಒಂದು ಅನುಕೂಲ ಮರೆಯಬೇಡಿ. ಇಲ್ಲಿ ಗಂಡಸರು ಹೆಗಲ ಮೇಲೆ ಕೈ ಹಾಕಿ ನಡೆಯುತ್ತಾರೆ, ಕಿರುಬೆರಳು ಹಿಡಿದು ಜಾತ್ರೆ ಸುತ್ತುತ್ತಾರೆ, ಒಂದೇ ಬೈಕಿನಲ್ಲಿ ಒತ್ತಿಕೊಂಡು ಕೂರುತ್ತಾರೆ. ಯಾರೂ ತಿರುಗಿ ನೋಡುವುದಿಲ್ಲ. ಇಬ್ಬರು ಪ್ರೇಮಿಗಳ ಫೋಟೋ ನಡುಬೀದಿಯಲ್ಲೇ ತೆಗೆಯಬಹುದು, ಅಲ್ವಾ? ನೋಡುವವರಿಗೆ ಗೆಳೆತನ ಕಾಣುತ್ತದೆ, ಬಲ್ಲವರಿಗೆ ಉಳಿದದ್ದೂ ಕಾಣುತ್ತದೆ. ಯಾರಾದರೂ ಕೇಳಿದರೆ ‘ಪೋರ್ಟ್‌ಫೋಲಿಯೋ ಶೂಟ್ ಅಣ್ಣ’ ಎಂದರೆ ಸಾಕು.

ಬೆಳಕು, ಕಪ್ಪು ಮೈ

ನಮ್ಮದು ಬಿಸಿಲ ನಾಡು. ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟಕ್ಕೇ ಬೆಳಕು ಒರಟಾಗಿರುತ್ತದೆ. ಕಣ್ಣಿನ ಗುಳಿ ಕತ್ತಲಾಗಿ, ಹಣೆ ಮಾತ್ರ ಹೊಳೆಯುತ್ತದೆ. ನವೆಂಬರಿನಿಂದ ಜನವರಿ ತನಕ ಬಿಸಿಲು ಓರೆಯಾಗಿ ಬೀಳುತ್ತದೆ. ಬೆಳಿಗ್ಗೆ ಒಂಬತ್ತರ ತನಕ, ಸಂಜೆ ನಾಲ್ಕೂವರೆ ನಂತರ ಧೈರ್ಯವಾಗಿ ತೆಗೆಯಬಹುದು.

ಈಗ ಮುಖ್ಯ ಮಾತು. ನಮ್ಮಲ್ಲಿ ಜಾಸ್ತಿ ಜನ ಕಪ್ಪು, ಎಣ್ಣೆಗೆಂಪು ಬಣ್ಣದವರು. ಎಷ್ಟೋ ಫೋನುಗಳು ಮುಖ ಕಂಡ ಕೂಡಲೇ ಬೆಳ್ಳಗೆ ಮಾಡಲು ಹೊರಡುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಬ್ಯೂಟಿ ಮೋಡ್ ಪೂರ್ತಿ ಆಫ್ ಮಾಡಿ. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ಎದುರಿಗೆ ಏನಿದ್ದರೂ ಅದನ್ನು ನಡುವಿನ ಬೂದು ಬಣ್ಣಕ್ಕೆ ತರಲು ನೋಡುತ್ತದೆ. ಚೌಕಟ್ಟಿನ ತುಂಬ ಕಪ್ಪು ಮೈ ಇದ್ದರೆ ಅದು ಬೆಳಕು ಹೆಚ್ಚಿಸಿ ಮೈಯನ್ನು ಬೂದಿ ಬಳಿದ ಹಾಗೆ ಮಾಡುತ್ತದೆ. ಆಗ ಎಕ್ಸ್‌ಪೋಷರ್ ಮೈನಸ್ 0.7ರ ಹತ್ತಿರ ಇಳಿಸಿ. ಅದೇ ಮನುಷ್ಯ ಬಿಳಿ ಪಂಚೆ ಉಟ್ಟು ಸುಣ್ಣದ ಗೋಡೆ ಮುಂದೆ ನಿಂತರೆ ಕ್ಯಾಮೆರಾ ಬೆಳಕು ಕಡಿಮೆ ಮಾಡುತ್ತದೆ, ಮುಖ ಮುಳುಗಿಹೋಗುತ್ತದೆ. ಆಗ ಪ್ಲಸ್ 0.7ಕ್ಕೆ ಏರಿಸಿ. ಫೋನ್ ಆದರೆ ಕೆನ್ನೆಯ ಮೇಲೆ ಬೆರಳು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲೆ ಕೆಳಗೆ ಎಳೆಯಿರಿ. ನೋಡಬೇಕಾದ್ದು ಕೆನ್ನೆಯ ಬಣ್ಣ. ಅಂಗಿ, ಆಕಾಶ ಏನಾದರೂ ಆಗಲಿ.

ಬಿಳಿಯ ಮೈಯಲ್ಲಿ ಆಕಾರ ಕಾಣುವುದು ನೆರಳಿನಿಂದ. ಕಪ್ಪು ಮೈಯಲ್ಲಿ ಆಕಾರ ಕಾಣುವುದು ಹೊಳಪಿನಿಂದ. ಹಾಗಾಗಿ ಬೆಳಕು ಪಕ್ಕದಿಂದ, ಸ್ವಲ್ಪ ಹಿಂದಿನಿಂದ ಬರಲಿ. ಕಿಟಕಿಗೆ ಹೆಗಲು ಕೊಟ್ಟು ಕೂರಿಸಿ. ಭುಜದ ಮೇಲೆ, ಗಂಟಲ ಕೆಳಗಿನ ಮೂಳೆಯ ಮೇಲೆ ಒಂದು ಗೆರೆ ಹೊಳೆಯುತ್ತದೆ. ಚಳಿಗಾಲದಲ್ಲಿ ಮೊಣಕೈ, ಮೊಣಕಾಲು ಬಿಳಿಚಿಕೊಂಡಿರುತ್ತವೆ. ಅಂಗೈಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿಕೊಡಿ, ಅವನೇ ಸವರಿಕೊಳ್ಳಲಿ. ನೀವು ಮುಟ್ಟಬೇಡಿ. ನೆರಳಿನ ಕಡೆ ತೀರಾ ಕಪ್ಪಾದರೆ ಬಿಳಿ ಥರ್ಮಾಕೋಲ್ ಹಾಳೆ ಹಿಡಿಯಿರಿ, ಇಲ್ಲದಿದ್ದರೆ ಬಿಳಿ ಪಂಚೆ ಹರವಿ.

ಮುಖ ಹತ್ತಿರದಿಂದ ತೆಗೆಯುವಾಗ ಫೋನನ್ನು ಮೂಗಿನ ಹತ್ತಿರ ಒಯ್ಯಬೇಡಿ, ಮೂಗು ದಪ್ಪ ಕಾಣುತ್ತದೆ. ಎರಡು ಹೆಜ್ಜೆ ಹಿಂದೆ ಬಂದು ಎರಡು ಪಟ್ಟು ಜೂಮ್ ಮಾಡಿ. ಕ್ಯಾಮೆರಾ ಇದ್ದವರಿಗೆ 50 ಎಂಎಂ ಲೆನ್ಸ್ ಒಂದೇ ಸಾಕು.

ನಿಲುವು ಸಡಿಲವಾಗುವ ತನಕ

ಕ್ಯಾಮೆರಾ ಕಂಡ ಕೂಡಲೇ ಅವನು ಫ್ಲೆಕ್ಸ್ ಬ್ಯಾನರಿನ ನಿಲುವಿಗೆ ಬರುತ್ತಾನೆ. ಬರಲಿ. ಎದೆ ಉಬ್ಬಿಸಿಕೊಂಡು ಬಹಳ ಹೊತ್ತು ನಿಲ್ಲಲು ಯಾರಿಗೂ ಆಗುವುದಿಲ್ಲ. ‘ಉಸಿರು ಬಿಡು ತಮ್ಮ’ ಎನ್ನಿ. ಉಸಿರು ಬಿಟ್ಟಾಗ ಭುಜ ಇಳಿಯುತ್ತದೆ, ಹೊಟ್ಟೆ ತನ್ನ ಜಾಗಕ್ಕೆ ಬರುತ್ತದೆ. ಆಗ ಒತ್ತಿ.

ಕೈಗೆ ಕೆಲಸ ಕೊಡಿ. ರುಮಾಲು ಸುತ್ತಲಿ, ತಲೆಗೆ ಎಣ್ಣೆ ಹಚ್ಚಲಿ, ಅಂಗಿಯ ಗುಂಡಿ ಹಾಕಲಿ. ಇಬ್ಬರಿದ್ದರೆ ಒಬ್ಬ ಇನ್ನೊಬ್ಬನ ತಲೆ ಬಾಚಲಿ. ಹೊರಸಿನ ಮೇಲೆ ಮಲಗಿಸುವುದು ಇನ್ನೂ ಒಳ್ಳೆಯ ದಾರಿ. ನ್ಯೂಯಾರ್ಕಿನ ಪೀಟರ್ ಹುಜಾರ್ ಎಷ್ಟೋ ಜನರನ್ನು ಮಲಗಿಸಿಯೇ ಫೋಟೋ ತೆಗೆದರು. ಮಲಗಿದವನಿಗೆ ಗತ್ತು ಮಾಡಲು ಆಗುವುದಿಲ್ಲ, ಮುಖದಲ್ಲಿ ಬೇರೆಯೇ ಒಂದು ಮೃದುತನ ಬರುತ್ತದೆ.

ಬಳ್ಳಾರಿಯ ಜೀನ್ಸ್ ಯೂನಿಟ್ಟಿನಲ್ಲಿ ಕಟಿಂಗ್ ಮಾಡುವ ಗೆಳೆಯನೊಬ್ಬ ಒಮ್ಮೆ ನನ್ನ ಕ್ಯಾಮೆರಾ ಮುಂದೆ ಕೂತಿದ್ದ. ಹೊಸ ಡೆನಿಮ್ ಬಟ್ಟೆಯ ನೀಲಿ ಬೆರಳಿಗೆ ಹತ್ತುತ್ತದೆ. ಉಗುರಿನ ಬುಡದಲ್ಲಿ, ಹೆಬ್ಬೆರಳಿನ ಗೆರೆಗಳಲ್ಲಿ ಕೂತುಬಿಡುತ್ತದೆ. ಅವನು ಎರಡೂ ಕೈ ತೊಡೆ ಕೆಳಗೆ ಸೇರಿಸಿಕೊಂಡಿದ್ದ. ‘ಕೈ ಬ್ಯಾಡಣ್ಣ, ಈ ಬಣ್ಣ ಹೋಗಂಗಿಲ್ಲ’ ಅಂದ. ನಾನು ಕೈಯ ಮಾತೇ ಎತ್ತದೆ ಬೇರೆ ಫೋಟೋ ತೆಗೆದೆ. ಸ್ವಲ್ಪ ಹೊತ್ತಿಗೆ ಅವನೇ ಒಂದು ಕೈ ಎತ್ತಿ ಕತ್ತಿನ ಹಿಂದೆ ಇಟ್ಟುಕೊಂಡ. ಕಪ್ಪು ಕತ್ತು, ನೀಲಿ ಬೆರಳು, ಕಿಟಕಿಯ ಬೆಳಕು. ಎಲ್ಲ ಫೋಟೋ ನೋಡಿ ಅವನು ಆರಿಸಿದ್ದು ಅದನ್ನೇ. ‘ಇದು ನಾನು ಅಂತ ನನಗ ಗೊತ್ತಾಗ್ತೈತಿ, ಸಾಕು’ ಅಂದ.

ಶೃಂಗಾರದ ವಿಷಯದಲ್ಲಿ ನಮ್ಮ ಸೀಮೆಗೆ ಏನೂ ಕಡಿಮೆ ಇಲ್ಲ. ಮುದಗಲ್ಲಿನ ಮೊಹರಂ ನೋಡಿ. ಈ ಕಡೆ ಅಲಾಯಿ ಹಬ್ಬ ಎಂದೇ ಕರೆಯುವ ಆ ಮೊಹರಂನಲ್ಲಿ ಹರಕೆ ಹೊತ್ತ ಗಂಡಸರು ಮೈಗೆಲ್ಲ ಹುಲಿ ಬಣ್ಣ ಬಳಿದುಕೊಂಡು ಕುಣಿಯುತ್ತಾರೆ. ಬಯಲಾಟದಲ್ಲಿ ಗಂಡಸರೇ ಕಾಡಿಗೆ ತೀಡಿ, ಬಳೆ ಹಾಕಿ ಸ್ತ್ರೀ ಪಾತ್ರ ಮಾಡಿದ್ದಾರೆ. ಮದುವೆಯ ಗಂಡಿಗೆ ಬಾಸಿಂಗ, ಕೈಗೆ ಮದರಂಗಿ. ಹಾಗಾಗಿ ಕಿವಿ ಮೇಲೊಂದು ಮಲ್ಲಿಗೆ, ಕಣ್ಣಿಗೆ ಕಾಡಿಗೆ ಯಾವುದೂ ಹೊಸದಲ್ಲ. ಆದರೆ ನೀವು ತಂದು ತೊಡಿಸಬೇಡಿ. ‘ಒಬ್ಬನೇ ಇದ್ದಾಗ ಏನು ಹಾಕಿಕೊಂಡು ಕನ್ನಡಿ ನೋಡ್ತೀಯ?’ ಎಂದು ಕೇಳಿ. ಅದನ್ನೇ ತರಲಿ. ಹಬ್ಬದ ವೇಷವನ್ನು ಹಬ್ಬದಲ್ಲಿ ಬಿಟ್ಟುಬಿಡಿ, ಅದು ಹರಕೆಯದು.

ಮತ್ತೆ, ಬರೀ ಜಿಮ್ ಹುಡುಗರ ಹಿಂದೆ ಬೀಳಬೇಡಿ. ಹೊಟ್ಟೆ ಬಂದವರು, ತಲೆ ಬೋಳಾದವರು, ನರೆತ ಎದೆಯವರು, ಐವತ್ತು ದಾಟಿ ಯಾರ ಮುಂದೆಯೂ ಬಾಯಿ ಬಿಡದೆ ಬದುಕಿದವರು. ಒಬ್ಬರಾದರೂ ತಮ್ಮನ್ನು ಚೆಂದ ಎಂದು ನೋಡಲಿ ಎಂದು ಇವರಷ್ಟು ಕಾದವರು ಯಾರೂ ಇಲ್ಲ.

ಮುಖ ತೋರಿಸದ ಫೋಟೋ

ಮುಖ ಇಲ್ಲದ ಫೋಟೋ ಅರೆಬರೆ ಫೋಟೋ ಅಲ್ಲ. ದೆಹಲಿಯಲ್ಲಿ ಹುಟ್ಟಿದ ಸುನೀಲ್ ಗುಪ್ತಾ 1986–87ರಲ್ಲಿ ಅದೇ ಊರಿನ ಗೇ ಗಂಡಸರನ್ನು ಇಂಡಿಯಾ ಗೇಟ್, ಹುಮಾಯೂನ್ ಸಮಾಧಿಯಂಥ ಎಲ್ಲರಿಗೂ ಗೊತ್ತಿರುವ ಜಾಗಗಳಲ್ಲಿ ನಿಲ್ಲಿಸಿ ಸರಣಿ ಮಾಡಿದರು. ಆಗ ಗಂಡು-ಗಂಡಿನ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ 377ನೇ ಕಲಂ ಜಾರಿಯಲ್ಲಿತ್ತು. ಎಷ್ಟೋ ಫೋಟೋಗಳಲ್ಲಿ ಮುಖ ಕಾಣುವುದಿಲ್ಲ. ಜಾಗ ಎಲ್ಲರಿಗೂ ಗೊತ್ತು, ಮನುಷ್ಯ ಯಾರಿಗೂ ಗೊತ್ತಿಲ್ಲ. ಆ ಕಾಲ ಹೇಗಿತ್ತು ಎಂಬುದು ಅದರಲ್ಲೇ ಇದೆ. ರಾಯಚೂರು ಕೋಟೆ, ಬಳ್ಳಾರಿ ಗುಡ್ಡದ ಮುಂದೆ ಬೆನ್ನು ತಿರುಗಿಸಿ ನಿಂತವನ ಫೋಟೋ ಹಾಗೇ ಮಾತಾಡಬಲ್ಲದು.

ಸಂಜೆ ಸೂರ್ಯನಿಗೆ ಅಡ್ಡ ನಿಲ್ಲಿಸಿ ಬರೀ ಆಕಾರ ತೆಗೆಯಿರಿ. ಟವೆಲ್ಲಿನಲ್ಲಿ ತಲೆ ಒರೆಸುವಾಗ, ಅಂಗಿ ತಲೆಯ ಮೇಲಿಂದ ಬಿಚ್ಚುವಾಗ, ಗೋಡೆ ಮೇಲಿನ ನೆರಳು. ತೆಗೆದಾದ ಮೇಲೆ ಮುಖಕ್ಕೆ ಮಸುಕು ಹಾಕುವುದು, ಕಣ್ಣಿಗೆ ಕಪ್ಪು ಪಟ್ಟಿ ಎಳೆಯುವುದು ಮಾತ್ರ ಬೇಡವೇ ಬೇಡ. ಕ್ರೈಂ ಸುದ್ದಿಯ ಆರೋಪಿಯ ಫೋಟೋ ಆಗಿಬಿಡುತ್ತದೆ. ಅಲ್ಲದೆ ಮುಖ ಇರುವ ಮೂಲ ಫೈಲ್ ನಿಮ್ಮ ಹತ್ತಿರ ಉಳಿಯುತ್ತದೆ. ಮುಖ ಬೇಡ ಅಂದರೆ ತೆಗೆಯುವಾಗಲೇ ಬೇಡ.

ಫೈಲು, ಪ್ರಿಂಟು, ಕಾನೂನು

ಕ್ಯಾಮೆರಾ ಆ್ಯಪ್‌ನಲ್ಲಿ ಲೊಕೇಶನ್ ಆಫ್ ಮಾಡಿ. ಗೂಗಲ್ ಫೋಟೋಸ್‌ನ ಬ್ಯಾಕಪ್ ನಿಲ್ಲಿಸಿ. ಮನೆಯ ಟಿವಿಗೋ ತಂಗಿಯ ಟ್ಯಾಬಿಗೋ ಅದೇ ಅಕೌಂಟ್ ಇರುತ್ತದೆ. ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ತೆಗೆದ ಜಾಗ, ಸಮಯದ ವಿವರ ಫೈಲಿನೊಳಗೇ ಹೋಗುತ್ತದೆ, ಹಾಗೆ ಕಳಿಸುವ ಮುಂಚೆ ಆ ವಿವರ ಅಳಿಸಿ. ಈ ಕೆಲಸಕ್ಕೇ ಒಂದು ಮೆಮೊರಿ ಕಾರ್ಡ್, ಪಾಸ್‌ವರ್ಡ್ ಇರುವ ಒಂದು ಡ್ರೈವ್ ಬೇರೆ ಇಡಿ. ಫೋಲ್ಡರಿಗೆ ಅವನ ಹೆಸರಿಡಬೇಡಿ.

ಎಡಿಟ್ ಮಾಡುವಾಗ ಬಣ್ಣ ತಿಳಿ ಮಾಡಬೇಡಿ, ಸೊಂಟ ಸಣ್ಣ ಮಾಡಬೇಡಿ. ಮೊಡವೆ ತೆಗೆ ಅಂದರೆ ತೆಗೆಯಿರಿ. ಊರಿನ ಲ್ಯಾಬಿನಲ್ಲಿ ಪ್ರಿಂಟ್ ಹಾಕಿಸಿದರೆ ನಾಲ್ಕು ಜನ ನೋಡುತ್ತಾರೆ. ಬೆಂಗಳೂರು, ಹೈದರಾಬಾದಿನಲ್ಲಿ ಹಾಕಿಸಿ, ಇಲ್ಲವೇ ಮನೆಯಲ್ಲೇ ಸಣ್ಣ ಫೋಟೋ ಪ್ರಿಂಟರ್ ಇಟ್ಟುಕೊಳ್ಳಿ.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧ ಅಲ್ಲ ಎಂದು ತೀರ್ಪು ಕೊಟ್ಟಿತು. ಗೇ ಆಗಿರುವುದಕ್ಕೆ, ಅದರ ಬಗ್ಗೆ ಫೋಟೋ ಮಾಡುವುದಕ್ಕೆ ಹೆದರಬೇಕಿಲ್ಲ. ಆದರೆ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67 ಮತ್ತು 67ಎ ಕಲಂಗಳ ಪ್ರಕಾರ ಅಶ್ಲೀಲ, ಲೈಂಗಿಕ ಚಿತ್ರಗಳನ್ನು ಆನ್‌ಲೈನ್‌ನಲ್ಲಿ ಹಾಕುವುದು ಅಪರಾಧ. ಪೂರ್ತಿ ಬೆತ್ತಲೆ ಫೋಟೋ ಇಂಟರ್ನೆಟ್ಟಿಗೆ ಬೇಡ ಎನ್ನುವುದು ನನ್ನ ಸಲಹೆ. ಒಪ್ಪಿಗೆ ಇಲ್ಲದೆ ಯಾರದಾದರೂ ಗುಪ್ತಾಂಗದ ಫೋಟೋ ತೆಗೆದರೆ, ಹಂಚಿದರೆ ಅದೇ ಕಾಯ್ದೆಯ 66ಇ ಕಲಂ ಬರುತ್ತದೆ, ಮೂರು ವರ್ಷದ ತನಕ ಜೈಲು ಅಥವಾ ಎರಡು ಲಕ್ಷದ ತನಕ ದಂಡ, ಇಲ್ಲವೇ ಎರಡೂ. ಗಂಡಸರಿಗೂ ಈ ರಕ್ಷಣೆ ಇದೆ. ಯಾರಾದರೂ ಫೋಟೋ ಇಟ್ಟುಕೊಂಡು ಹಣ ಕೇಳಿದರೆ ಕೊಡಬೇಡಿ, ಚಾಟ್ ಅಳಿಸಬೇಡಿ. ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್ ಅಪರಾಧ ನೋಡುವ ಪೊಲೀಸ್ ಠಾಣೆಗೆ ಹೋಗಿ, ಒಬ್ಬರೇ ಹೋಗಬೇಡಿ, ವಕೀಲರನ್ನೋ ಗಟ್ಟಿ ಗೆಳೆಯನನ್ನೋ ಕರೆದುಕೊಂಡು ಹೋಗಿ.

ಅವನು ವಾಪಸ್ ಕೇಳಿದಾಗ

ಕೇಳುತ್ತಾರೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ, ನೌಕರಿ ಸಿಕ್ಕಿದೆ, ಅಪ್ಪನಿಗೆ ಹುಷಾರಿಲ್ಲ. ಕಾರಣ ಏನೇ ಇರಲಿ, ಯಾಕೆ ಎಂದು ಕೇಳಬೇಡಿ. ನಿಮ್ಮ ಅತಿ ಒಳ್ಳೆಯ ಫೋಟೋ ಅದೇ ಆಗಿದ್ದರೂ ಅವತ್ತೇ ತೆಗೆದುಹಾಕಿ. ಮೊದಲು ಇನ್‌ಸ್ಟಾಗ್ರಾಮ್, ಆಮೇಲೆ ಯಾರಿಗೆಲ್ಲ ಕಳಿಸಿದ್ದೀರೋ ಅವರಿಗೆ ಫೋನ್ ಮಾಡಿ ಅಳಿಸಲು ಹೇಳಿ. ಫೋನಿನ ಟ್ರ್ಯಾಶ್ ಖಾಲಿ ಮಾಡಿ, ಬ್ಯಾಕಪ್ ಡ್ರೈವ್‌ನಲ್ಲೂ ಅಳಿಸಿ. ಮೂಲ ಫೈಲ್ ಅವನಿಗೆ ಬೇಕಾ, ಪೂರ್ತಿ ಅಳಿಸಬೇಕಾ ಎಂದು ಕೇಳಿ. ಕೆಲವರು ತಮ್ಮ ಹತ್ತಿರ ಒಂದು ಪ್ರಿಂಟ್ ಇರಲಿ ಅನ್ನುತ್ತಾರೆ. ಹಾಗಿದ್ದರೆ ಪರ್ಸಿನಲ್ಲಿ ಹಿಡಿಸುವಷ್ಟು ಸಣ್ಣದಾಗಿ ಹಾಕಿ, ಅವನ ಕೈಗೇ ಕೊಡಿ. ಕೊರಿಯರ್ ಮಾಡಬೇಡಿ.